ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಮಣಿಕಟ್ಟಿನ ನೋವಿಗೆ ಬೇಕು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಮಣಿಕಟ್ಟಿನ ನೋವಿನವೇ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಗೊಂದಲ. ಸ್ಕ್ಯಾನ್ ನಂಬೋದಾ, ಕೀಲಿನೊಳಗೆ ಕ್ಯಾಮೆರಾ ಹಾಕಿ ನೋಡೋದನ್ನು, ಅಂದರೆ ಆರ್ಥ್ರೋಸ್ಕೋಪಿಯನ್ನು, ನಂಬೋದಾ? ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದನ್ನೇ ಎತ್ತಿಕೊಂಡಿದ್ದೇನೆ. ಕೆಲವರು ಹೆಸರು ಬೇಡ ಅಂದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಒಂದು ಪದ ಮೊದಲೇ ಹೇಳಿಬಿಡುತ್ತೇನೆ. ಕೀಲಿನೊಳಗೆ ಮೂಳೆಯ ತುದಿಗೆ ಅಂಟಿಕೊಂಡಿರುವ ನುಣುಪಾದ ಬಿಳಿ ಪದರವೇ ಕಾರ್ಟಿಲೇಜ್. ಶಾಲೆಯ ಪುಸ್ತಕದಲ್ಲಿ ಮೃದ್ವಸ್ಥಿ ಅಂತ ಓದಿರುತ್ತೀರಿ. ನಿಮ್ಮ ರಿಪೋರ್ಟಿನಲ್ಲಿ ಕಾರ್ಟಿಲೇಜ್ ಅಂತಲೇ ಇರುತ್ತದೆ, ನಾನೂ ಹಾಗೇ ಬರೆಯುತ್ತೇನೆ.

ಪ್ರ: ಎಂಟು ತಿಂಗಳ ಹಿಂದೆ ಜಾರಿ ಬಿದ್ದಾಗ ಕೈ ಊರಿದೆ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಅಂದರು. ನೋವು ಹೋಗದ್ದಕ್ಕೆ ಎಂಆರ್‌ಐ ಮಾಡಿಸಿದೆ. ‘ಕಾರ್ಟಿಲೇಜ್ ನಾರ್ಮಲ್’ ಅಂತ ಬಂತು. ಈಗ ಡಾಕ್ಟರು ಆರ್ಥ್ರೋಸ್ಕೋಪಿ ಮಾಡಿ ನೋಡೋಣ ಅನ್ನುತ್ತಿದ್ದಾರೆ. ಅಷ್ಟು ದೊಡ್ಡ ಮೆಷಿನ್ನಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತಾ? ಇಲ್ಲಾ ಸುಮ್ನೆ ಆಪರೇಷನ್ನಿಗೆ ಎಳೀತಿದ್ದಾರಾ?

ಉ: ಕಾಣುತ್ತದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮಂಡಿಚಿಪ್ಪಿನ ಹಿಂದೆ ಇರುವ ಕಾರ್ಟಿಲೇಜ್ ಕೆಲವು ಕಡೆ ನಾಲ್ಕೈದು ಮಿಲಿಮೀಟರ್ ದಪ್ಪ ಇರುತ್ತದೆ. ಮಣಿಕಟ್ಟಿನಲ್ಲಿ ಬಹುತೇಕ ಕಡೆ 1 ಮಿಲಿಮೀಟರ್, ಇಲ್ಲಾ ಅದಕ್ಕಿಂತಲೂ ಕಡಿಮೆ. ಎಂಆರ್‌ಐ ಚಿತ್ರ ಅಂದರೆ ಚುಕ್ಕಿಗಳ ಸಾಲು. ಒಂದೊಂದು ಚುಕ್ಕಿ ಮಿಲಿಮೀಟರಿನ ಮೂರನೇ ಒಂದು ಭಾಗ ಅಂತ ಇಟ್ಟುಕೊಂಡರೂ ನಿಮ್ಮ ಇಡೀ ಕಾರ್ಟಿಲೇಜಿಗೆ ಸಿಗುವುದು ಎರಡು ಮೂರು ಚುಕ್ಕಿ. ಅದರಲ್ಲಿ ಅರ್ಧ ಸವೆದಿದೆ ಅಂತ ಹೇಳಬೇಕಾದವರು ಒಂದು ಚುಕ್ಕಿಯ ಬಣ್ಣ ನೋಡಿ ಹೇಳಬೇಕು. ಚಿತ್ರದ ಒಂದೊಂದು ಹೋಳಿನ ದಪ್ಪ ಬೇರೆ 2-3 ಮಿಲಿಮೀಟರ್ ಇರುತ್ತದೆ. ಇಲ್ಲಿನ ಮೂಳೆಗಳೆಲ್ಲ ಗುಂಡುಗುಂಡಗೆ, ವಾಲಿಕೊಂಡು ಕೂತಿರುವಂಥವು. ಹಾಗಾಗಿ ಒಂದೇ ಹೋಳಿನಲ್ಲಿ ಮೂಳೆ, ಕಾರ್ಟಿಲೇಜ್, ಕೀಲಿನ ನೀರು ಮೂರೂ ಕಲಸಿ ಬೂದು ಬಣ್ಣದ ಒಂದು ಗೆರೆಯಾಗಿ ಕಾಣುತ್ತವೆ. ಇದು ಸಾಲದು ಅಂತ, ಎದುರುಬದುರು ಇರುವ ಎರಡು ಮೂಳೆಗಳ ಕಾರ್ಟಿಲೇಜ್ ಒದ್ದೆ ಗಾಜಿನ ಮೇಲೆ ಒದ್ದೆ ಗಾಜು ಇಟ್ಟ ಹಾಗೆ ಅಂಟಿಕೊಂಡಿರುತ್ತವೆ. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಅಂತ ಗುರುತಿಸುವುದೇ ಕಷ್ಟ.

ಮೆಷಿನ್ನಿನ ಶಕ್ತಿಯೂ ಲೆಕ್ಕಕ್ಕೆ ಬರುತ್ತದೆ. ಟೆಸ್ಲಾ ಅಂದರೆ ಅದರ ಅಯಸ್ಕಾಂತದ ಬಲದ ಅಳತೆ, 1.5 ಟೆಸ್ಲಾಗಿಂತ 3 ಟೆಸ್ಲಾ ಮೇಲು. ಆದರೆ ಟೆಸ್ಲಾ ಕೇಳುವವರು ಕಾಯಿಲ್, ಅಂದರೆ ಕೈಯ ಹತ್ತಿರ ಇಟ್ಟು ಸಂಕೇತ ಹಿಡಿಯುವ ಸುರುಳಿಯ ಬಗ್ಗೆ ಕೇಳುವುದೇ ಇಲ್ಲ. ಮಣಿಕಟ್ಟಿಗೆಂದೇ ಮಾಡಿದ ಚಿಕ್ಕ ಕಾಯಿಲ್ ಹಾಕಿದ್ದರಾ, ಕೈ ಅಲುಗಾಡದ ಹಾಗೆ ಕಟ್ಟಿದ್ದರಾ ಅನ್ನೋದು ಚಿತ್ರದ ಹಣೆಬರಹವನ್ನೇ ಬದಲಿಸುತ್ತದೆ. ಕೈಯನ್ನು ತಲೆಯ ಮೇಲೆ ಚಾಚಿ ಬೋರಲು ಮಲಗಿಸಿ ಮಾಡುವುದುಂಟು. ಆ ಭಂಗಿಯಲ್ಲಿ ಇಪ್ಪತ್ತು ನಿಮಿಷ ಅಲ್ಲಾಡದೆ ಇರುವುದು ನನ್ನಿಂದಲೂ ಆಗದು.

ಹಾಗಾಗಿ ನಿಮ್ಮ ರಿಪೋರ್ಟಿನ ‘ನಾರ್ಮಲ್’ ಅನ್ನೋ ಪದವನ್ನು ‘ದೊಡ್ಡ ಹಾನಿ ಕಾಣಲಿಲ್ಲ’ ಅಂತ ಓದಿಕೊಳ್ಳಿ. ಮಣಿಕಟ್ಟಿನ ಕಾರ್ಟಿಲೇಜ್ ವಿಷಯದಲ್ಲಿ ಎಂಆರ್‌ಐ ‘ಇದೆ’ ಅಂದರೆ ಬಹುಮಟ್ಟಿಗೆ ನಂಬಬಹುದು, ‘ಇಲ್ಲ’ ಅಂದರೆ ಅಷ್ಟು ನಂಬಲಾಗದು. ಚಿಕ್ಕ ಬಿರುಕು, ಮೇಲ್ಪದರದ ಸವೆತ, ಎದ್ದುನಿಂತ ಚಿಂದಿ, ಇವೆಲ್ಲ ಅದರ ಕಣ್ಣು ತಪ್ಪಿಸಿಕೊಳ್ಳುತ್ತವೆ. ಮೂಳೆ ಮುರಿಯದಿದ್ದರೂ ಕೈಯೂರಿ ಬಿದ್ದಾಗ ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್ ಹರಿದು, ಜೊತೆಗೆ ಕಾರ್ಟಿಲೇಜಿನ ಒಂದು ಚೂರು ಎದ್ದಿರುವುದನ್ನು ನಾನೇ ಎಷ್ಟೋ ಸಲ ಕ್ಯಾಮೆರಾದಲ್ಲಿ ನೋಡಿದ್ದೇನೆ. ಅವರ ಸ್ಕ್ಯಾನ್ ತೆಗೆದು ಮತ್ತೆ ನೋಡಿದರೆ, ಹೌದಲ್ವಾ, ಇಲ್ಲೊಂದು ಮಸುಕು ಇತ್ತು ಅಂತ ಆಮೇಲೆ ಅನ್ನಿಸುತ್ತದೆ. ಉತ್ತರ ಗೊತ್ತಾದ ಮೇಲೆ ಎಲ್ಲರೂ ಜಾಣರೇ ಬಿಡಿ.

ನಿಮ್ಮ ಡಾಕ್ಟರು ಮೋಸ ಮಾಡುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಒಪ್ಪುವ ಮೊದಲು ಅವರನ್ನು ಒಂದು ಮಾತು ಕೇಳಿ: ‘ಒಳಗೆ ಹಾನಿ ಕಂಡರೆ ಏನು ಮಾಡುತ್ತೀರಿ, ಕಾಣದಿದ್ದರೆ ಏನು ಮಾಡುತ್ತೀರಿ?’ ಎರಡಕ್ಕೂ ಉತ್ತರ ಒಂದೇ ಆದರೆ ಕ್ಯಾಮೆರಾ ಯಾಕೆ ಬೇಕು? ಇನ್ನೂ ಒಂದು ದಾರಿ ಇದೆ. ಕೀಲಿನೊಳಗೆ ಮರಗಟ್ಟಿಸುವ ಔಷಧಿಯನ್ನು ಸ್ವಲ್ಪ ಚುಚ್ಚಿ, ನೋವು ಕೆಲವು ಗಂಟೆ ಮಾಯವಾಗುತ್ತದಾ ನೋಡುವುದು. ಮಾಯವಾದರೆ ತಂಟೆ ಕೀಲಿನ ಒಳಗೇ ಇದೆ, ಒಳಗೆ ನೋಡುವುದಕ್ಕೆ ಅರ್ಥವಿದೆ. ಏನೂ ಬದಲಾಗದಿದ್ದರೆ ಸ್ನಾಯುರಜ್ಜು, ನರ ಹೀಗೆ ಹೊರಗಿನ ಕಾರಣ ಹುಡುಕಬೇಕು. ಎಂಟು ತಿಂಗಳು ಕಾದಿದ್ದೀರಿ, ಇದಕ್ಕೆ ಒಂದು ದಿನ ಕೊಡಬಹುದು.

ಪ್ರ: ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಕಾಣೋದೇ ಇಲ್ಲ ಅಂತ ಓದಿದೆ. ಹಾಗಿದ್ದರೆ ಪ್ರತಿಸಲ ಹೋದಾಗಲೂ ಮೊದಲು ಎಕ್ಸ್‌ರೇ ಯಾಕೆ ತೆಗೆಸುತ್ತಾರೆ?

ಉ: ನೀವು ಓದಿದ್ದು ಸರಿ. 1895ರ ಡಿಸೆಂಬರಿನಲ್ಲಿ ಎಕ್ಸ್‌ರೇ ಕಂಡುಹಿಡಿದ ರಾಂಟ್ಜನ್ ತಮ್ಮ ಹೆಂಡತಿಯ ಕೈಯ ಎಕ್ಸ್‌ರೇ ತೆಗೆದರಲ್ಲ, ಉಂಗುರ ಸಮೇತ, ಆ ಚಿತ್ರ ನೋಡಿ. ಬೆರಳಿನ ಮೂಳೆಗಳು ಒಂದಕ್ಕೊಂದು ತಾಗದೆ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತವೆ. ಆ ಖಾಲಿ ಜಾಗ ಖಾಲಿ ಅಲ್ಲ, ಅಲ್ಲಿ ಇರುವುದೇ ಕಾರ್ಟಿಲೇಜ್. ಕಾರ್ಟಿಲೇಜ್ ಸವೆದಷ್ಟೂ ಆ ಜಾಗ ಕಿರಿದಾಗುತ್ತದೆ. ಅಂದರೆ ಎಕ್ಸ್‌ರೇ ಕಾರ್ಟಿಲೇಜನ್ನು ತೋರಿಸುವುದಿಲ್ಲ, ಅದು ಹೋದದ್ದನ್ನು ತೋರಿಸುತ್ತದೆ. ಅದೂ ತಡವಾಗಿ.

ಆದರೂ ನಾನು ಎಕ್ಸ್‌ರೇ ಇಲ್ಲದೆ ಎಂಆರ್‌ಐ ನೋಡುವುದಿಲ್ಲ. ಮೂಳೆಗಳ ಸಾಲು ಸರಿ ಇದೆಯಾ, ಯಾವುದಾದರೂ ವಾಲಿದೆಯಾ, ಮುಷ್ಟಿ ಬಿಗಿಹಿಡಿದು ತೆಗೆದಾಗ ಮಣಿಕಟ್ಟಿನ ಎರಡು ಸಾಲು ಪುಟ್ಟ ಮೂಳೆಗಳಲ್ಲಿ ಮುಂಗೈ ಕಡೆಯ ಮೊದಲ ಸಾಲಿನವಾದ ಸ್ಕ್ಯಾಫಾಯ್ಡ್ ಮತ್ತು ಲೂನೇಟ್ ನಡುವೆ ಸಂದು ಬಿಡುತ್ತದಾ, ಇದನ್ನೆಲ್ಲ ಒಂದು ಸಾದಾ ಎಕ್ಸ್‌ರೇ ಹೇಳಿಬಿಡುತ್ತದೆ. ಆ ಎರಡು ಮೂಳೆಗಳ ನಡುವಿನ ಲಿಗಮೆಂಟ್ ಹರಿದು ವರ್ಷಗಟ್ಟಲೆ ಹಾಗೇ ಬಿಟ್ಟರೆ ಸವೆತ ಒಂದು ಗೊತ್ತಾದ ದಾರಿಯಲ್ಲೇ ಸಾಗುತ್ತದೆ. ಮೊದಲು ಹೆಬ್ಬೆರಳ ಬದಿಯಲ್ಲಿ ರೇಡಿಯಸ್ ಅನ್ನುವ ಮುಂಗೈ ಮೂಳೆಯ ತುದಿ, ಆಮೇಲೆ ಸ್ಕ್ಯಾಫಾಯ್ಡ್ ಕೂತುಕೊಳ್ಳುವ ಇಡೀ ಗುಳಿ, ಆಮೇಲೆ ಎರಡನೇ ಸಾಲಿನ ಕ್ಯಾಪಿಟೇಟ್ ಮೂಳೆ ಮತ್ತು ಲೂನೇಟ್ ನಡುವೆ. ಇದನ್ನು 1984ರಲ್ಲಿ ವಾಟ್ಸನ್ ಮತ್ತು ಬ್ಯಾಲೆ ಅನ್ನುವವರು ಎಕ್ಸ್‌ರೇಗಳನ್ನು ನೋಡಿಯೇ ವಿವರಿಸಿದರು. ಅಷ್ಟೆಲ್ಲ ಹಾಳಾದರೂ ರೇಡಿಯಸ್-ಲೂನೇಟ್ ನಡುವಿನ ಕಾರ್ಟಿಲೇಜ್ ಮಾತ್ರ ಕೊನೆಯವರೆಗೂ ಗಟ್ಟಿಯಾಗಿ ಉಳಿಯುತ್ತದೆ. ಅಲ್ಲಿನ ಗುಳಿ ಚೆಂಡಿನ ಆಕಾರದ್ದು, ಮೂಳೆ ವಾಲಿದರೂ ಹೊಂದಿಕೊಂಡೇ ಕೂರುತ್ತದೆ. ಸ್ಕ್ಯಾಫಾಯ್ಡಿನ ಗುಳಿ ಮೊಟ್ಟೆಯಾಕಾರದ್ದು, ಮೂಳೆ ಸ್ವಲ್ಪ ತಿರುಗಿದರೂ ಅಂಚು ಉಜ್ಜುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಕೆಳಗೆ ಇನ್ನೊಬ್ಬರ ಪ್ರಶ್ನೆಗೆ ಬೇಕಾಗುತ್ತದೆ.

ಪ್ರ: ನನಗೆ ಎಂಆರ್‌ಐ ಆಗಿದೆ. ಈಗ ಮಣಿಕಟ್ಟಿಗೆ ಸೂಜಿ ಚುಚ್ಚಿ ಡೈ ಹಾಕಿ ಸಿಟಿ ಮಾಡಬೇಕು ಅನ್ನುತ್ತಾರೆ. ಎಂಆರ್‌ಐ ಅಂದರೆ ಸಿಟಿಗಿಂತ ಮೇಲಿನದು ಅಲ್ವಾ? ಮೇಲಿನದು ಆದಮೇಲೆ ಕೆಳಗಿನದು ಯಾಕೆ?

ಉ: ಮೇಲಿನದು ಕೆಳಗಿನದು ಅಂತ ಇಲ್ಲ. ಎರಡೂ ಬೇರೆ ಬೇರೆ ವಿಷಯ ನೋಡುತ್ತವೆ.

ಡೈ ಹಾಕಿದ ಸಿಟಿಗೆ ಸಿಟಿ ಆರ್ಥ್ರೋಗ್ರಫಿ ಅನ್ನುತ್ತಾರೆ. ಎರಡು ಮೂರು ಮಿಲಿಲೀಟರ್ ಅಯೋಡಿನ್ ಡೈ ಕೀಲಿನೊಳಗೆ ಹೋದಾಗ ನಾನು ಮೇಲೆ ಹೇಳಿದ ಆ ಒದ್ದೆ ಗಾಜುಗಳ ಮಧ್ಯೆ ಒಂದು ತೆಳು ಬಿಳಿ ಗೆರೆ ಬೀಳುತ್ತದೆ. ಕಾರ್ಟಿಲೇಜ್ ಬೂದು, ಡೈ ಬಿಳಿ. ಎಲ್ಲಿ ಬಿರುಕಿದೆಯೋ ಅಲ್ಲಿ ಡೈ ಇಳಿಯುತ್ತದೆ, ಎಷ್ಟು ಆಳ ಅನ್ನುವುದೂ ಕಾಣುತ್ತದೆ. ಸಿಟಿಯ ಚುಕ್ಕಿ ಉದ್ದ, ಅಗಲ, ಆಳ ಮೂರೂ ದಿಕ್ಕಿನಲ್ಲಿ ಅರ್ಧ ಮಿಲಿಮೀಟರಿಗಿಂತ ಸಣ್ಣದಾಗಿರುವ ಹಾಗೆ ತೆಗೆಯಬಹುದು, ಹಾಗಾಗಿ ಕಂಪ್ಯೂಟರಿನಲ್ಲಿ ಯಾವ ಕೋನಕ್ಕೆ ಬೇಕಾದರೂ ತಿರುಗಿಸಿ ನೋಡಬಹುದು. ಮೇಲ್ಮೈ ಸವೆತದ ಮಟ್ಟಿಗೆ ಕ್ಯಾಮೆರಾಕ್ಕೆ ತುಂಬಾ ಹತ್ತಿರ ಬರುವ ಚಿತ್ರ ಇದೇ ಅಂತ ನನ್ನ ಲೆಕ್ಕ. ಸಾದಾ ಎಂಆರ್‌ಐ ಇದರ ಹತ್ತಿರ ಬರುವುದಿಲ್ಲ. ಡೈ ಹಾಕಿದ ಎಂಆರ್‌ಐ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಅದರಲ್ಲೂ ಸ್ಕ್ಯಾನ್ ಆಗುವಾಗ ಬೆರಳುಗಳನ್ನು ಮೆಲ್ಲಗೆ ಎಳೆದು ಹಿಡಿದರೆ ಸಂದು ತೆರೆದುಕೊಂಡು ಚಿತ್ರ ಇನ್ನೂ ಚೆನ್ನಾಗಿ ಬರುತ್ತದೆ. ಎಲ್ಲ ಕಡೆ ಹೀಗೆ ಮಾಡುವುದಿಲ್ಲ ಅಷ್ಟೇ.

ಸಿಟಿಗೆ ಕಾಣದ್ದೂ ಇದೆ. ಮೇಲ್ಪದರ ಸೀಳದೆ ಒಳಗಿಂದೊಳಗೆ ಮೆತ್ತಗಾದ ಕಾರ್ಟಿಲೇಜಿನೊಳಕ್ಕೆ ಡೈ ಇಳಿಯಲು ದಾರಿಯೇ ಇರುವುದಿಲ್ಲ. ಮೂಳೆಯೊಳಗಿನ ಊತವೂ ಸಿಟಿಯಲ್ಲಿ ಕಾಣದು, ಅದಕ್ಕೆ ಎಂಆರ್‌ಐ ಬೇಕು. ನಿಮ್ಮ ಡಾಕ್ಟರಿಗೆ ಎಂಆರ್‌ಐಯಿಂದ ಮೂಳೆಯ ಸುದ್ದಿ ಸಿಕ್ಕಿದೆ, ಈಗ ಮೇಲ್ಮೈ ಸುದ್ದಿ ಬೇಕಾಗಿದೆ.

ಹೆದರಿಕೆಯ ವಿಷಯ: ಕೈ ಮೈಯಿಂದ ದೂರ ಚಾಚಿರುವುದರಿಂದ ದೇಹಕ್ಕೆ ತಗಲುವ ವಿಕಿರಣ ತೀರಾ ಕಡಿಮೆ. ಸೂಜಿ ಚುಚ್ಚಿದ ಮೇಲೆ ಒಂದೆರಡು ದಿನ ಕೀಲು ಬಿಗಿಯಾಗಿ ನೋಯಬಹುದು. ಸೋಂಕು ಅಪರೂಪ, ಆದರೆ ನೋವು ದಿನದಿಂದ ದಿನಕ್ಕೆ ಜಾಸ್ತಿಯಾಗಿ ಕೈ ಬಿಸಿಯಾದರೆ, ಜ್ವರ ಬಂದರೆ ಕಾಯಬೇಡಿ, ತಕ್ಷಣ ಹೋಗಿ. ಹಿಂದೆ ಯಾವುದಾದರೂ ಡೈಗೆ ಮೈಮೇಲೆ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಹೇಳಿ. ಗರ್ಭಿಣಿಯಾಗಿದ್ದರೂ ಹೇಳಿ.

ಪ್ರ: ಆರ್ಥ್ರೋಸ್ಕೋಪಿಯೇ ‘ಗೋಲ್ಡ್ ಸ್ಟ್ಯಾಂಡರ್ಡ್’ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿ ಯಾಕೆ ಸಮಯ ಹಾಳು ಮಾಡಬೇಕು? ನೇರವಾಗಿ ಅದನ್ನೇ ಮಾಡಿಬಿಡಬಾರದಾ?

ಉ: ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ನಾನು ಬದುಕುವುದೇ ಆರ್ಥ್ರೋಸ್ಕೋಪಿ ಮಾಡಿಕೊಂಡು. ಆದರೂ ಬೇಡ ಅನ್ನುತ್ತೇನೆ.

ಮೊದಲು ಅದು ಏನು ಅಂತ ನೋಡೋಣ. ತೋಳು ಮರಗಟ್ಟಿಸಿಯೋ ಪೂರ್ತಿ ಅರಿವಳಿಕೆ ಕೊಟ್ಟೋ, ಬೆರಳುಗಳನ್ನು ಜಾಲರಿಯಂಥ ಹಿಡಿಕೆಗೆ ಸಿಕ್ಕಿಸಿ ಕೈಯನ್ನು ಮೇಲಕ್ಕೆ ತೂಗುಹಾಕುತ್ತೇವೆ. ನಾಲ್ಕೈದು ಕಿಲೋದಷ್ಟು ಎಳೆತ ಕೊಟ್ಟರೆ ಕೀಲಿನ ಸಂದು ತೆರೆದುಕೊಳ್ಳುತ್ತದೆ. ಮಣಿಕಟ್ಟಿನ ಹಿಂಬದಿಯಲ್ಲಿ, ಸ್ನಾಯುರಜ್ಜುಗಳ ಮಧ್ಯೆ ಸಣ್ಣ ತೂತು ಮಾಡಿ 1.9 ಅಥವಾ 2.7 ಮಿಲಿಮೀಟರ್ ದಪ್ಪದ ಸ್ಕೋಪ್ ಹಾಕುತ್ತೇವೆ. ಇನ್ನೊಂದು ತೂತಿನಿಂದ ಪ್ರೋಬ್ ಅನ್ನುವ ಕೊಕ್ಕೆಯಂಥ ಕಡ್ಡಿ. ನನ್ನ ಕೇಳಿದರೆ ಆರ್ಥ್ರೋಸ್ಕೋಪಿಯ ನಿಜವಾದ ಬಲ ಇರುವುದು ಕ್ಯಾಮೆರಾದಲ್ಲಿ ಅಲ್ಲ, ಆ ಕಡ್ಡಿಯಲ್ಲಿ. ಒತ್ತಿದರೆ ಗಟ್ಟಿ ಇದೆಯಾ, ಮೆತ್ತಗಾಗಿದೆಯಾ, ಪದರ ಮೇಲೇಳುತ್ತದಾ? ಯಾವ ಸ್ಕ್ಯಾನೂ ಮುಟ್ಟಿ ನೋಡುವುದಿಲ್ಲ. ಟೋಕಿಯೊದ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಸ್ಕೋಪನ್ನು ಶವವೊಂದರ ಮಂಡಿಯೊಳಗೆ ಹಾಕಿ ನೋಡಿದ್ದರಿಂದ ಈ ವಿದ್ಯೆ ಶುರುವಾಯಿತು. ಮಣಿಕಟ್ಟಿನ ಆರ್ಥ್ರೋಸ್ಕೋಪಿ ಬಗ್ಗೆ ಚೆನ್ ಅನ್ನುವವರ ವರದಿ ಬಂದದ್ದು 1979ರಲ್ಲಿ. ನಡುವೆ ಅರವತ್ತು ವರ್ಷ! ಸಂದು ಅಷ್ಟು ಇಕ್ಕಟ್ಟು.

ಈಗ ಅದರ ಹುಳುಕು. ಮೊದಲನೆಯದು, ಕ್ಯಾಮೆರಾಕ್ಕೆ ಕಾಣುವುದು ಮೇಲ್ಮೈ ಮಾತ್ರ. ಗೋಡೆಯ ಬಣ್ಣ ಹೊಳೆಯುತ್ತಿದ್ದರೂ ಒಳಗಿನ ಇಟ್ಟಿಗೆ ಪುಡಿಯಾಗಿರಬಹುದು. ಕೀನ್‌ಬಾಕ್ ಕಾಯಿಲೆಯಲ್ಲಿ ಹೀಗೇ ಆಗುತ್ತದೆ. 1910ರಲ್ಲಿ ಕೀನ್‌ಬಾಕ್ ವಿವರಿಸಿದ್ದು ಅದು, ಲೂನೇಟ್ ಮೂಳೆಗೆ ರಕ್ತ ಹರಿಯುವುದು ನಿಂತು ಮೂಳೆ ಸಾಯುತ್ತಾ ಹೋಗುತ್ತದೆ. ಶುರುವಿನಲ್ಲಿ ಎಕ್ಸ್‌ರೇ ಚೆನ್ನಾಗಿರುತ್ತದೆ, ಕಾರ್ಟಿಲೇಜೂ ಚೆನ್ನಾಗಿರುತ್ತದೆ. ಎಂಆರ್‌ಐ ಮಾತ್ರ ಒಳಗಿನ ಕಥೆ ಹೇಳುತ್ತದೆ. ಕಾಯಿಲೆ ಮುಂದುವರಿದಾಗ ಪಾತ್ರ ಅದಲುಬದಲು. ಯಾವ್ಯಾವ ಮುಖದ ಕಾರ್ಟಿಲೇಜ್ ಇನ್ನೂ ಕೆಲಸಕ್ಕೆ ಬರುತ್ತದೆ ಅಂತ ಎಣಿಸಲು ಆಗ ಆರ್ಥ್ರೋಸ್ಕೋಪಿ ಬೇಕು.

ಎರಡನೆಯದು, ಮಣಿಕಟ್ಟು ಒಂದೇ ಕೋಣೆಯಲ್ಲ. ಮುಂಗೈ ಮೂಳೆಗೂ ಮೊದಲ ಸಾಲಿನ ಮೂಳೆಗಳಿಗೂ ನಡುವೆ ಒಂದು, ಎರಡು ಸಾಲುಗಳ ನಡುವೆ ಇನ್ನೊಂದು, ಮುಂಗೈಯ ಎರಡು ಮೂಳೆಗಳು ಸೇರುವಲ್ಲಿ ಮೂರನೆಯದು. ಮೂರನೆಯದು ಎಷ್ಟು ಇಕ್ಕಟ್ಟೆಂದರೆ ಸ್ಕೋಪ್ ನುಗ್ಗಿಸುವುದೇ ಸಾಹಸ. ಮೊದಲ ಕೋಣೆ ಮಾತ್ರ ನೋಡಿ ‘ಎಲ್ಲ ಚೆನ್ನಾಗಿದೆ’ ಅಂತ ಮುಗಿಸಿದರೆ ಎರಡನೇ ಸಾಲಿನ ಹ್ಯಾಮೇಟ್ ಅನ್ನುವ ಮೂಳೆಯ ತುದಿಯ ಸವೆತ ತಪ್ಪಿಯೇ ಹೋಗುತ್ತದೆ, ಅದು ಎರಡನೇ ಕೋಣೆಯಲ್ಲಿದೆ. ಲೂನೇಟ್ ಮೂಳೆ ಹ್ಯಾಮೇಟಿಗೂ ತಾಗುವಂಥ ಆಕಾರದಲ್ಲಿರುವವರಿಗೆ ಈ ಸವೆತ ಜಾಸ್ತಿ. ಆರ್ಥ್ರೋಸ್ಕೋಪಿ ಆದವರು ರಿಪೋರ್ಟಿನಲ್ಲಿ ‘ಮಿಡ್‌ಕಾರ್ಪಲ್’ ಅನ್ನುವ ಪದ ಇದೆಯಾ ನೋಡಿ, ಆ ಎರಡನೇ ಕೋಣೆಯ ಹೆಸರು ಅದು. ಇಲ್ಲದಿದ್ದರೆ ಕೇಳಿ.

ಮೂರನೆಯದು, ಸವೆತ ಎಷ್ಟು ಅಂತ ಗ್ರೇಡ್ ಹಾಕುವವರು ಮನುಷ್ಯರೇ. ಇಬ್ಬರು ಡಾಕ್ಟರು ಒಂದೇ ವಿಡಿಯೊ ನೋಡಿ ಒಬ್ಬರು ಗ್ರೇಡ್ 2, ಇನ್ನೊಬ್ಬರು 3 ಅನ್ನಬಹುದು. ನಾವು ಬಳಸುವ ಔಟರ್‌ಬ್ರಿಜ್ ಗ್ರೇಡ್ 1961ರದ್ದು, ಅದೂ ಮಂಡಿಚಿಪ್ಪು ನೋಡಿ ಮಾಡಿದ್ದು. ಅದರಲ್ಲಿ 2 ಮತ್ತು 3ರ ವ್ಯತ್ಯಾಸ ಏನು ಗೊತ್ತಾ? ಸವೆದ ಜಾಗ ಅರ್ಧ ಇಂಚಿಗಿಂತ ಚಿಕ್ಕದಾ ದೊಡ್ಡದಾ ಅನ್ನುವುದು. ಮಣಿಕಟ್ಟಿನಲ್ಲಿ ಒಂದೊಂದು ಮೂಳೆಯ ಮುಖವೇ ಹೆಚ್ಚುಕಡಿಮೆ ಅಷ್ಟಗಲ! ಅದಕ್ಕೇ ಈಗ ಅಗಲ ಬಿಟ್ಟು ಆಳ ನೋಡಿ ಗ್ರೇಡ್ ಹಾಕುತ್ತಾರೆ.

ಇನ್ನೊಂದು ಮಾತು, ಸ್ವಲ್ಪ ತಲೆಹರಟೆ ಅನ್ನಿಸಬಹುದು. ಸ್ಕ್ಯಾನ್ ಎಷ್ಟು ಸರಿ ಅಂತ ಅಳೆಯುವ ಅಧ್ಯಯನಗಳಲ್ಲಿ ಹೆಚ್ಚಿನವು ಆರ್ಥ್ರೋಸ್ಕೋಪಿಯನ್ನೇ ಸರಿಯುತ್ತರ ಅಂತ ಹಿಡಿಯುತ್ತವೆ. ಸ್ಕೋಪ್ ಹೋಗದ ಮೂಲೆಯಲ್ಲಿ ಸ್ಕ್ಯಾನ್ ಸವೆತ ತೋರಿಸಿದರೆ, ತಪ್ಪು ಅಂತ ಬರೆದುಕೊಳ್ಳುವುದು ಸ್ಕ್ಯಾನಿನ ಲೆಕ್ಕಕ್ಕೆ. ಎಷ್ಟೋ ಸಲ ಸ್ಕೋಪ್ ಹಾಕುವವರು ಸ್ಕ್ಯಾನ್ ರಿಪೋರ್ಟ್ ಓದಿಯೇ ಒಳಗೆ ಹೋಗಿರುತ್ತಾರೆ, ಎಲ್ಲಿ ಹುಡುಕಬೇಕೆಂದು ಅವರಿಗೆ ಗೊತ್ತಿರುತ್ತದೆ. ಪರೀಕ್ಷೆಯ ಉತ್ತರಪತ್ರಿಕೆ ತಾನೇ ತಿದ್ದಿಕೊಂಡ ಹಾಗೆ. ಆರ್ಥ್ರೋಸ್ಕೋಪಿ ಸುಳ್ಳು ಅಂತಲ್ಲ, ಇವತ್ತಿಗೂ ಅದಕ್ಕಿಂತ ಒಳ್ಳೆಯ ಅಳತೆಗೋಲು ನಮ್ಮ ಹತ್ತಿರ ಇಲ್ಲ. ಚಿನ್ನವೇ, ಆದರೆ ಅಪರಂಜಿಯಲ್ಲ.

ಅಪಾಯ ಕಡಿಮೆ, ಸೊನ್ನೆಯಲ್ಲ. ಕಿರುಬೆರಳ ಬದಿ ಮತ್ತು ಹೆಬ್ಬೆರಳ ಬದಿಯಲ್ಲಿ ಚರ್ಮಕ್ಕೆ ಹೋಗುವ ಸಣ್ಣ ನರಗಳಿವೆ, ಅವಕ್ಕೆ ಪೆಟ್ಟಾದರೆ ಕೈಹಿಂಭಾಗ ಜುಮುಗುಡುತ್ತದೆ, ಕೆಲವರಿಗೆ ಅದೇ ಹೊಸ ನೋವಾಗಿ ಕೂರುತ್ತದೆ. ಸ್ನಾಯುರಜ್ಜಿಗೆ ಗಾಯ, ಸೋಂಕು, ಬಿಗಿತ ಕೂಡ ಆಗಬಹುದು. ಅದಕ್ಕೇ ಮೊದಲು ಸ್ಕ್ಯಾನ್ ಬೇಕು ಅನ್ನೋದು. ಅದು ಎಲ್ಲಿ ನೋಡಬೇಕು ಅಂತ ಹೇಳುತ್ತದೆ, ಏನೇನು ಸಿಗಬಹುದು ಅಂತ ಅಂದಾಜು ಕೊಡುತ್ತದೆ, ಆಗ ನಿಮ್ಮ ಒಪ್ಪಿಗೆಯನ್ನೂ ಮೊದಲೇ ಪಡೆದು ಒಂದೇ ಅರಿವಳಿಕೆಯಲ್ಲಿ ರಿಪೇರಿಯನ್ನೂ ಮುಗಿಸಬಹುದು. ಸುಮ್ನೆ ಇಣುಕಿ ನೋಡಿ ಹೊಲಿಗೆ ಹಾಕಿ ಕಳಿಸುವುದಕ್ಕೆ ಆರ್ಥ್ರೋಸ್ಕೋಪಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಪ್ರ: ನನ್ನದು ಹಳೇ ಲಿಗಮೆಂಟ್ ಹರಿತ, ಈಗ ಮಣಿಕಟ್ಟು ಸವೆದಿದೆ. ಎರಡು ಬಗೆಯ ಆಪರೇಷನ್ ಹೇಳಿ, ‘ಒಳಗೆ ನೋಡಿದ ಮೇಲೆ ಯಾವುದು ಅಂತ ತೀರ್ಮಾನಿಸುತ್ತೇನೆ’ ಅಂದರು. ಇದೇನು ಡಾಕ್ಟ್ರೇ, ಟೇಬಲ್ ಮೇಲೆ ಮಲಗಿಸಿ ಯೋಚನೆ ಮಾಡ್ತಾರಾ?

ಉ: ಹೌದು, ಮಾಡಬೇಕು. ಅವರು ಒಳ್ಳೆಯ ಡಾಕ್ಟರು.

ಒಂದು ಆಪರೇಷನ್ನಿನಲ್ಲಿ ಮೊದಲ ಸಾಲಿನ ಮೂರು ಮೂಳೆ ತೆಗೆದು, ಕ್ಯಾಪಿಟೇಟಿನ ತಲೆಯನ್ನು ಲೂನೇಟ್ ಇದ್ದ ಗುಳಿಯಲ್ಲಿ ಕೂರಿಸುತ್ತಾರೆ. ಅದಕ್ಕೆ ಆ ತಲೆಯ ಕಾರ್ಟಿಲೇಜೂ ಗುಳಿಯ ಕಾರ್ಟಿಲೇಜೂ ಚೆನ್ನಾಗಿರಬೇಕು. ಇನ್ನೊಂದರಲ್ಲಿ ಸ್ಕ್ಯಾಫಾಯ್ಡ್ ಮಾತ್ರ ತೆಗೆದು ಉಳಿದವುಗಳಲ್ಲಿ ನಾಲ್ಕು ಮೂಳೆಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಅದಕ್ಕೆ ಕ್ಯಾಪಿಟೇಟ್ ತಲೆ ಸವೆದಿದ್ದರೂ ಪರವಾಗಿಲ್ಲ, ರೇಡಿಯಸ್-ಲೂನೇಟ್ ಕೀಲು ಗಟ್ಟಿ ಇದ್ದರೆ ಸಾಕು. ಅದು ಕೊನೆಯವರೆಗೂ ಉಳಿಯುತ್ತದೆ ಅಂತ ಮೇಲೆ ಹೇಳಿದ್ದೆನಲ್ಲ, ಈ ಆಪರೇಷನ್ ನಿಂತಿರುವುದೇ ಅದರ ಮೇಲೆ. ಈಗ ಎಲ್ಲವೂ ಕ್ಯಾಪಿಟೇಟ್ ತಲೆಯ ಮೇಲಿರುವ ಆ ಒಂದು ಮಿಲಿಮೀಟರ್ ಪದರಕ್ಕೆ ಬಂದು ನಿಂತಿತು ಅಲ್ವಾ? ಎಂಆರ್‌ಐ ಚಿತ್ರ ನೋಡಿ ಇದನ್ನು ಖಡಾಖಂಡಿತ ಹೇಳುವವರಿಗಿಂತ, ಕಣ್ಣಲ್ಲಿ ನೋಡಿ ಹೇಳುತ್ತೇನೆ ಅನ್ನುವವರ ಕೈಗೆ ನನ್ನ ಕೈ ಕೊಡುತ್ತೇನೆ. ಎರಡೂ ಆಪರೇಷನ್ನಿನ ಒಪ್ಪಿಗೆ ಪತ್ರ ಮೊದಲೇ ಓದಿ, ಆಮೇಲೆ ಕೈ ಎಷ್ಟು ಬಗ್ಗುತ್ತದೆ, ಪಟ್ಟಿ ಎಷ್ಟು ವಾರ ಅಂತ ಎರಡಕ್ಕೂ ಬೇರೆಬೇರೆ ಕೇಳಿಟ್ಟುಕೊಳ್ಳಿ.

ಪ್ರ: ಎಂಆರ್‌ಐಯಲ್ಲಿ ‘ಲೂನೇಟ್ ಕಿರುಬೆರಳ ಬದಿಯಲ್ಲಿ ಕಾರ್ಟಿಲೇಜ್ ಸವೆತ, ಗ್ರೇಡ್ 2’ ಅಂತ ಬಂದಿದೆ. ನನಗೆ ನೋವಿರುವುದು ಹೆಬ್ಬೆರಳ ಬುಡದಲ್ಲಿ. ಆಪರೇಷನ್ ಬೇಕಾ?

ಉ: ರಿಪೋರ್ಟಿಗೆ ಬೇಡ, ನಿಮ್ಮ ಹೆಬ್ಬೆರಳಿಗೆ ಏನು ಬೇಕೋ ಅದನ್ನು ನೋಡಿಸಿ. ಕಾರ್ಟಿಲೇಜಿಗೆ ನರವೇ ಇಲ್ಲ, ಅದು ತಾನಾಗಿ ನೋಯುವುದಿಲ್ಲ. ಅದರ ಕೆಳಗಿನ ಮೂಳೆ, ಸುತ್ತಲಿನ ಪೊರೆ ಕೆರಳಿದಾಗ ನೋವು. ಏನೂ ನೋವಿಲ್ಲದವರ ಮಣಿಕಟ್ಟು ಸ್ಕ್ಯಾನ್ ಮಾಡಿದರೂ ಇಂಥ ಸವೆತ ಸಿಗುತ್ತದೆ, ವಯಸ್ಸಾದ ಹಾಗೆ ಇನ್ನೂ ಜಾಸ್ತಿ. ಮುಂದೆ ಯಾವತ್ತಾದರೂ ಬಟ್ಟೆ ಹಿಂಡುವಾಗ, ಬಾಗಿಲ ಹಿಡಿ ತಿರುಗಿಸುವಾಗ ಕಿರುಬೆರಳ ಬದಿ ನೋವು ಶುರುವಾದರೆ ಆಗ ಈ ಹಾಳೆ ಹೊರಗೆ ತೆಗೆಯಿರಿ.

ಪ್ರ: ಕಾರ್ಟಿಲೇಜ್ ಮತ್ತೆ ಬೆಳೆಯುತ್ತಿದೆಯಾ ಅಂತ ಆರು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿಸುತ್ತಿದ್ದೇನೆ. ಮೂರು ಆಯಿತು. ಮುಂದುವರಿಸಲಾ?

ಉ: ಬೇಡ. ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ಒಮ್ಮೆ ಹೋದದ್ದು ಮೊದಲಿನಂತೆ ತಾನಾಗಿ ಬೆಳೆಯುವುದಿಲ್ಲ. ಎರಡು ಮೂರು ಚುಕ್ಕಿಯ ಚಿತ್ರದಲ್ಲಿ ಆರು ತಿಂಗಳ ಬದಲಾವಣೆ ಹುಡುಕಿದರೆ ಸಿಗುವುದು ಕೈ ಇಟ್ಟ ಭಂಗಿಯ ವ್ಯತ್ಯಾಸ ಅಷ್ಟೇ. ನೋವಿನ ಜಾಗ ಬದಲಾದರೆ, ಕೀಲು ಸಿಕ್ಕಿಕೊಂಡ ಹಾಗಾದರೆ, ಹಿಡಿತ ಸಡಿಲವಾದರೆ ಮತ್ತೆ ಮಾಡಿಸಿ. ಆಗ ಹಳೆಯ ಮೂರರ ರಿಪೋರ್ಟ್ ಹಾಳೆ ಮಾತ್ರ ತರಬೇಡಿ, ಚಿತ್ರಗಳಿರುವ ಸಿಡಿ ತನ್ನಿ. ಹಾಳೆಯಲ್ಲಿ ಇನ್ನೊಬ್ಬರು ಕಂಡದ್ದು ಇರುತ್ತದೆ, ಸಿಡಿಯಲ್ಲಿ ನಿಮ್ಮ ಕೈ ಇರುತ್ತದೆ.